ನಾನು ಕಳಿಸದ ಹೆಸರು

ಕಂಪ್ಯೂಟರ್ ತಾನಾಗಿಯೇ ಏನೋ ಮಾಡಿಬಿಟ್ಟಿತು ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತಿತ್ತು. ತಪ್ಪು ಮಾಡುವವರು ನಾವು, ದೂರುವುದು ಯಂತ್ರವನ್ನು. ದೆವ್ವ, ಶಕುನ ಯಾವುದನ್ನೂ ನಾನು ನಂಬಿದವಳಲ್ಲ. ಈಗ ನಂಬುತ್ತೇನೆಂದೂ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ನೀವೇ ನೋಡಿ.

ಆಗ ನಾನು ತಮಿಳು ಸೀಮೆಯ ಕುರಿಚಿಯಲ್ಲಿ ಮಗ್ಗದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಅನ್ನೂರಿನ ಆಚೆ ನನ್ನ ಸೋದರಮಾವನ ಮಗ್ಗಗಳ ಶೆಡ್ಡಿತ್ತು. ಯಾರೋ ಹೇಳಿದ್ದ ಮದುವೆ ಸೀರೆಯ ವಿನ್ಯಾಸವನ್ನು ನೆಟ್‌ವರ್ಕ್ ಮೂಲಕ ಅಲ್ಲಿಗೆ ಕಳಿಸಬೇಕಿತ್ತು. ಮಗ್ಗವನ್ನು ಬಿಚ್ಚಿ ಲಾರಿಗೆ ಹೇರಿ ಬೇರೆ ಊರಲ್ಲಿ ಮತ್ತೆ ಜೋಡಿಸುತ್ತಾರಲ್ಲ, ವಿನ್ಯಾಸವನ್ನೂ ಹಾಗೆಯೇ ಬಿಡಿಬಿಡಿಯಾಗಿ ಬಿಚ್ಚಿ ಸಾಲಾಗಿ ಸಾಗಿಸಬೇಕು. ಇದಕ್ಕೆ ಸೀರಿಯಲೈಸ್ ಮಾಡುವುದು ಎನ್ನುತ್ತಾರೆ.

ಆ ದಿನ ಅದು ಎರರ್ ಕೊಟ್ಟು ಕುಳಿತಿತ್ತು. ಹುಡುಕಿದರೆ, ಅಡ್ಡ ಬಂದದ್ದು, ಮುಂದೆಂದಾದರೂ ಬೇಕಾದೀತೆಂದು ಮದುಮಗಳ ಹೆಸರಿಗೆ ನಾನಿಟ್ಟಿದ್ದ ಜಾಗ. ಅದನ್ನು ಹೇಗೆ ಬಿಚ್ಚಬೇಕೆಂದು ಪ್ರೋಗ್ರಾಮಿಗೆ ತಿಳಿದಿರಲಿಲ್ಲ. ಆ ಜಾಗ ಹೇಗೂ ಖಾಲಿ. ನಮ್ಮ ಮನೆತನದಲ್ಲಿ ಮದುವೆ ಸೀರೆಗೆ ಹೊಸ ಹಾಸಿನ ನೂಲನ್ನು ಮಗ್ಗಕ್ಕೆ ಏರಿಸಿದಾಗ ಯಜಮಾನ ಮಗ್ಗದ ಮೇಲೆ ಕೈಯಿಟ್ಟು ಮದುಮಗಳ ಹೆಸರನ್ನು ಬಾಯಲ್ಲಿ ಹೇಳುತ್ತಾನೆ, ಬರೆಯುವುದಿಲ್ಲ. ಹಾಗಾಗಿ ಇದೊಂದನ್ನು ಕಳಿಸಬೇಡ ಎಂದು ಪ್ರೋಗ್ರಾಮಿನಲ್ಲಿ ಗುರುತು ಹಾಕಿದೆ. ಎರರ್ ಹೋಯಿತು, ವಿನ್ಯಾಸವೂ ಹೋಯಿತು.

ಸ್ವಲ್ಪ ಹೊತ್ತಿಗೆ ಮಾವ ಫೋನ್ ಮಾಡಿ ಕೂಡಲೇ ಬಾ ಎಂದರು. ಬಸ್ಸು ಹಿಡಿದು ಹೋದೆ. ವಿನ್ಯಾಸ ಸರಿಯಾಗಿಯೇ ತಲುಪಿತ್ತು. ಆದರೆ ಶೆಡ್ಡಿನ ಕಂಪ್ಯೂಟರಿನ ಪರದೆಯಲ್ಲಿ, ಖಾಲಿ ಇರಬೇಕಾದ ಹೆಸರಿನ ಜಾಗದಲ್ಲಿ ಕನ್ನಡ ಅಕ್ಷರಗಳಿದ್ದವು.

"ಇದು ತಮಿಳ್ ಅಲ್ಲ. ಏನು ಎಳುತ್ತು ಇದು? ಓದು," ಎಂದರು ಮಾವ. ಅಕ್ಷರಕ್ಕೆ ಅವರು ತಮಿಳಿನಲ್ಲಿ ಎಳುತ್ತು ಎಂದೇ ಅನ್ನುವುದು.

ಮನೆಯಲ್ಲಿ ಕನ್ನಡವೇ ಆಡಿದರೂ ನಮ್ಮವರಲ್ಲಿ ಅದನ್ನು ಓದಬಲ್ಲವಳು ಮೈಸೂರಿನಲ್ಲಿ ಕಲಿತ ನಾನೊಬ್ಬಳೇ. ಓದಿದೆ: ಮಲ್ಲಿಕಾ.

ಮಲ್ಲಿಕಾ ಮಾವನ ಒಬ್ಬಳೇ ಮಗಳು. ಬೇರೆ ಜಾತಿಯವನನ್ನು ಮದುವೆಯಾಗಿ ಮಡತ್ತುಕುಳಂ ಎಂಬ ಊರು ಸೇರಿದ್ದಳು. ಅಂದಿನಿಂದ ಆ ಮನೆಯಲ್ಲಿ ಅವಳ ಹೆಸರೆತ್ತುವಂತಿರಲಿಲ್ಲ. ಊರವರ ಹೆಣ್ಣುಮಕ್ಕಳ ಹೆಸರನ್ನೆಲ್ಲ ಮಗ್ಗಕ್ಕೆ ಹೇಳಿದ ಮನುಷ್ಯ ಹೆತ್ತ ಮಗಳಿಗೆ ಒಂದು ಸೀರೆ ನೇಯಲಿಲ್ಲ. ಅದು ನನಗೆ ಆಗಲೂ ಸಹಿಸಲಾಗದ ಅನ್ಯಾಯವಾಗಿ ಕಂಡಿತ್ತು, ಈಗಲೂ ಹಾಗೆಯೇ.

"ನೀನೇ ಹಾಕ್ದೆ. ಇಲ್ಲಿ ಬೇರೆ ಯಾರಿಗ್ ಬರುತ್ತೆ ಈ ಎಳುತ್ತು? ಅಳ್ಸು ಅದ್ನ," ಎಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಾನ್ ಕಳ್ಸಿಲ್ಲ ಮಾಮ. ಅಳಿಸ್ಬೇಕಂದ್ರೆ ನೀವೇ ಅಳಿಸಿ."

ಮಾವ ಕೀಬೋರ್ಡಿನತ್ತ ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡರು. ಎದ್ದು ಹೋಗಿ ಮಗ್ಗದ ಮೇಲೆ ಅಂಗೈಯಿಟ್ಟರು. ಸೀರೆ ನೇಯಲು ಹೇಳಿದ್ದವರ ಮಗಳ ಹೆಸರನ್ನು ಆಗ ಹೇಳಬೇಕಿತ್ತು. ಅವರು ಆ ಹೆಸರನ್ನು ಹೇಳಲಿಲ್ಲ. ಪರದೆಯ ಮೇಲಿನದನ್ನು ಅಳಿಸದೆಯೇ ಮಗ್ಗದ ಸ್ವಿಚ್ ಹಾಕಿದರು.

ಮರುದಿನ ಕುರಿಚಿಯಲ್ಲಿ ನಾನು ಕಳಿಸಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಿದೆ. ಹೆಸರಿನ ಸುಳಿವೂ ಇರಲಿಲ್ಲ. ಶೆಡ್ಡಿನ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಅನುಕೂಲವೇ ಇರಲಿಲ್ಲ. ಇದನ್ನು ಎಷ್ಟು ಬಿಡಿಸಿ ಹೇಳಿದರೂ ಮಾವ ಒಪ್ಪಲಿಲ್ಲ. ಇವತ್ತಿಗೂ ನೆಂಟರ ಮುಂದೆ ಅದು ನನ್ನ ಕಿತಾಪತಿ ಎಂದೇ ಹೇಳುತ್ತಾರೆ. ಮಾಡದ ಕೆಲಸವನ್ನು ಹೊತ್ತುಕೊಂಡು ತಿರುಗುವ ಸಂಕಟ ನನಗೇ ಗೊತ್ತು.

ಸುದ್ದಿ ತಿಳಿದು ಮಲ್ಲಿಕಾ ಫೋನ್ ಮಾಡಿದಳು. "ನಿಜ ಹೇಳು, ನೀನೇ ತಾನೇ ಹಾಕಿದ್ದು?"

ಅಲ್ಲ ಎಂದೆ.

"ಹಂಗಂದ್ರೆ ಅಪ್ಪಾನೇ," ಎಂದಳು.

ಅವಳಪ್ಪನಿಗೆ ಕನ್ನಡದ ಒಂದಕ್ಷರವೂ ಬರೆಯಲು ಬಾರದೆಂದು ನನ್ನಷ್ಟೇ ಅವಳಿಗೂ ಗೊತ್ತು.