ಬದನೆ ಮಡಿಯ ಕೌದಿ

ಹಿತ್ತಲ ತರಕಾರಿಯಲ್ಲಿ ಕಸ ಬೆಳೆಯದಂತೆ ಪ್ಲಾಸ್ಟಿಕ್ ಹಾಳೆ ಹಾಸುವುದನ್ನು ತೋರಿಸಿಕೊಡುವುದು ನನ್ನ ಕೆಲಸ. ಹೊಂಬಳದಲ್ಲಿ ಒಬ್ಬ ಅಜ್ಜಿಯ ಹಿತ್ತಲಿಗೆ ಹೋದರೆ, ಬದನೆ ಮಡಿಗೆ ಆಗಲೇ ಹಳೆ ಕೌದಿ ಹಾಸಿತ್ತು. ಹರಿದ ತೂತುಗಳಿಂದ ಗಿಡಗಳು ತಲೆ ಹೊರಹಾಕಿದ್ದವು.

“ಕೌದಿ ಹಾಸಿದ್ರ ಕಸ ಬರೂದಿಲ್ಲೇನ್ರಿ ಅಜ್ಜಿ?”

“ಇದನ್ನ ಹೊದ್ದು ಮಲಗಿದ ನನ್ನ ನಾಕು ಮಕ್ಳು ಒಂದಿನಾನೂ ಜಲ್ದಿ ಎದ್ದಿಲ್ಲೋ ತಮ್ಮಾ. ಇನ್ನ ಕಸ ಎಲ್ಲಿಂದ ಎದ್ದೀತು?”

ಕೌದಿಯ ಮೂಲೆಯಲ್ಲಿ ಹಸಿರು ಇಳಕಲ್ ಸೀರೆಯ ತುಂಡಿತ್ತು. ನಮ್ಮವ್ವ ಹೊಲಿದ ಕೌದಿಯಲ್ಲೂ ಅಂಥದ್ದೇ ಒಂದಿದೆ. ಹಾಳೆಯ ಸುರುಳಿ ಬಿಚ್ಚದೆ ವಾಪಸಾದೆ.

ಮನೆಗೆ ಬಂದವನೇ, ಅವ್ವ ಹೋದ ಮೇಲೆ ಪೆಟ್ಟಿಗೆ ಸೇರಿದ್ದ ಕೌದಿಯನ್ನು ತೆಗೆದೆ. ನಮ್ಮ ಬದನೆಗೆ ಹಾಸಲು ಮನಸ್ಸು ಬರಲಿಲ್ಲ. ನಾನೇ ಹೊದ್ದು ಮಲಗಿದೆ.

ಮರುದಿನ ಕಣ್ಣು ಬಿಟ್ಟಾಗ ನಾನು ಹಿಡಿಯಬೇಕಿದ್ದ ಮುಂಡರಗಿ ಬಸ್ಸು ಹೋಗಿಯಾಗಿತ್ತು.