ನನ್ನ ಕಂಪ್ಯೂಟರಿನ ಫೋರ್‌ಮನ್ ಕಾಕಾ

ಕಾಕಾ ಅವರ ತುಟಿಗಳ ನಡುವೆ ಸದಾ ಎರಡು ಸ್ಕ್ರೂ ಇರುತ್ತಿದ್ದವು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕಿವಿಯ ಹಿಂದೆ ಟೆಸ್ಟರು, ತುಟಿಯಲ್ಲಿ ಸ್ಕ್ರೂ. ಅವನ್ನು ತೆಗೆಯದೆಯೇ ಮಾತಾಡುವರು; ಬೈಗುಳವೂ ಆಶೀರ್ವಾದವೂ ಬಾಯಿಯ ಎಡಭಾಗದಿಂದಲೇ ಹೊರಬೀಳುತ್ತಿದ್ದವು. ಹೊಸಬರಿಗೆ ಅರ್ಧ ತಿಳಿದರೆ ಹೆಚ್ಚು. ನನಗೆ ರೂಢಿಯಾಗಿ ಮುಕ್ಕಾಲು ತಿಳಿಯುತ್ತಿತ್ತು.

ಪಂಚವಟಿಯ ನಮ್ಮ ಹಳೆಯ ಕಟ್ಟಡದಲ್ಲಿ ಅವರದು ಕೆಳಗಿನ ಮನೆ, ನಮ್ಮದು ಮೇಲಿನದು. ಅವರು ಬೀದರ್ ಜಿಲ್ಲೆಯವರು, ನಾನು ಕಲಬುರಗಿ ಕಡೆಯವಳು. ಸಂಬಂಧ ಏನೂ ಇಲ್ಲ, ನಾಸಿಕದಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ಸಂಬಂಧವಾಗಿ ಮೊದಲ ದಿನವೇ ಕಾಕಾ ಆದರು. ಸಿನ್ನರಿನ ಕಾರ್ಖಾನೆಯೊಂದರಲ್ಲಿ ಮಷೀನು ದುರಸ್ತಿಯ ಫೋರ್‌ಮನ್ ಆಗಿದ್ದು ನಿವೃತ್ತರಾಗಿದ್ದರು. ಕಾರ್ಖಾನೆ ಅವರನ್ನು ಬಿಟ್ಟಿತ್ತು, ಅವರು ಕಾರ್ಖಾನೆಯನ್ನು ಬಿಟ್ಟಿರಲಿಲ್ಲ. ಮನೆಯಲ್ಲಿ ಕುಕ್ಕರಿನ ರಬ್ಬರು ಬದಲಿಸಿದರೂ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದು, ಕೆಳಗೆ ಹೆಂಡತಿಯ ಸಹಿ ತಗೊಳ್ಳುವರು.

ನಾನು ಪೈಠಣದ ನೇಕಾರರಿಗೆ ಸೀರೆ ಸೆರಗಿನ ನವಿಲು, ಕಮಲ, ಬಳ್ಳಿಗಳನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬರೆದು ಕೊಡುವವಳು. ಹನ್ನೊಂದು ವರ್ಷದ ನವಿಲುಗಳೆಲ್ಲ ಆ ಒಂದೇ ಡಬ್ಬಿಯಲ್ಲಿದ್ದವು. ಅದರೊಳಗಿನ ಸಿಸ್ಟಮ್ಮಿಗೆ ಇನ್ನು ಮುಂದೆ ಅಪ್‌ಡೇಟ್ ಬರುವುದಿಲ್ಲ, ಹೊಸ ಕಂಪ್ಯೂಟರೇ ತಗೊಳ್ಳಿ ಎಂದ ಅಂಗಡಿಯವನು. ನಾನು ಮುಖ ಸಣ್ಣ ಮಾಡಿಕೊಂಡು ಮೆಟ್ಟಿಲು ಹತ್ತುವಾಗ ಕಾಕಾ ತಡೆದರು.

“ಎಮ್ಮಿ ಹಾಲು ಕೊಡ್ಲಿಕತ್ತದ. ಹಗ್ಗ ಹಳೀದಾಯ್ತಂತ ಎಮ್ಮೀನೇ ಮಾರ್ತಿ ಏನವ್ವಾ? ಲಿನಕ್ಸ್ ಅಂತ ಬ್ಯಾರೆ ಸಿಸ್ಟಮ್ ಅದ, ಅದನ್ನ ಹಾಕೋಣು. ಪುಕಟ್ ಅದ.”

ಎರಡು ತಿಂಗಳಿಂದ ಅವರು ಮರಾಠಿ ವಿಡಿಯೋ ನೋಡಿ ಲಿನಕ್ಸ್ ಕಲಿಯುತ್ತಿದ್ದರು. ತಮ್ಮ ಕಂಪ್ಯೂಟರನ್ನು ನಾಲ್ಕು ಸಲ ಕೆಡಿಸಿ, ನಾಲ್ಕು ಸಲವೂ ನೋಟ್‌ಬುಕ್ಕಿನಲ್ಲಿ ‘ಬ್ರೇಕ್‌ಡೌನ್’ ಎಂದು ಬರೆದು, ಐದನೇ ಸಲ ಗೆದ್ದಿದ್ದರು. ಈಗ ಅವರಿಗೆ ಬೇರೆಯವರ ಮಷೀನು ಬೇಕಾಗಿತ್ತು. ನನಗೂ ಬೇರೆ ದಾರಿ ಇರಲಿಲ್ಲ.

“ಹಾಕೋ ಮುಂದ ಒಳಗಿಂದು ಅಳಿಸಿಹೋಗ್ತದ. ಎಲ್ಲಾ ಕಾಪಿ ಮಾಡ್ಕೊಂಡಿ ಏನವ್ವಾ?” ಎಂದು ಮೂರು ಸಲ ಕೇಳಿದರು. ಮೂರನೆಯ ಸಲ ನಾನು ಪೆನ್‌ಡ್ರೈವನ್ನು ಅವರ ಮೂಗಿನ ಮುಂದೆ ಹಿಡಿದು, “ಆಯ್ತು ಅಂದೆನಲ್ರಿ ಕಾಕಾ, ಎಷ್ಟು ಸಲ ಹೇಳ್ಬೇಕು?” ಎಂದೆ.

ಸೋಮವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಅವರ ಕಾರ್ಖಾನೆಯಲ್ಲಿ ಮಷೀನು ಬಿಚ್ಚುವವನು ಮೊದಲು ಫ್ಯೂಸು ಕಿತ್ತು ಕಿಸೆಯಲ್ಲಿಟ್ಟುಕೊಳ್ಳಬೇಕಂತೆ. ಅವನೇ ತಿರುಗಿ ಹಾಕುವ ತನಕ ಇನ್ನೊಬ್ಬರು ಚಾಲೂ ಮಾಡುವಂತಿಲ್ಲ. ಕಂಪ್ಯೂಟರಿನ ಪ್ಲಗ್ಗು ಕಿತ್ತಿದ್ದರೆ ಸಾಕಿತ್ತು. ಕಾಕಾ ನಮ್ಮ ಇಡೀ ಮನೆಯ ಮೇನ್ ಫ್ಯೂಸು ಕಿತ್ತು ಜುಬ್ಬಾದ ಕಿಸೆಗೆ ಇಳಿಸಿದರು. ಡಬ್ಬಿ ಬಿಚ್ಚಿ, ಧೂಳು ಊದಿ, ಏನೇನೋ ತೆಗೆದು ಹಾಕಿ ಮುಚ್ಚಿದರು. ಅಷ್ಟರಲ್ಲಿ ಗುಡಿಯ ಗಂಟೆ ಕೇಳಿಸಿತು. ಸೋಮವಾರದ ಅಭಿಷೇಕ ತಪ್ಪಿಸುವವರಲ್ಲ ಅವರು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಫ್ಯೂಸೂ ದರ್ಶನಕ್ಕೆ ಹೋಯಿತು.

ಮಿಕ್ಸರಿನಲ್ಲಿ ಶೇಂಗಾ ಚಟ್ನಿ ಅರ್ಧಕ್ಕೆ ನಿಂತಿತು. ವೈರು ಸಿಕ್ಕಿಸಿದ ಟ್ರಿಮ್ಮರಿನಲ್ಲಿ ನನ್ನ ಗಂಡನ ಗಡ್ಡವೂ ಅರ್ಧಕ್ಕೆ ನಿಂತಿತು. ಅದೇ ಅವತಾರದಲ್ಲಿ ಅವರು ಕಾಕಾರನ್ನು ಹುಡುಕಲು ಹೊರಟರು. ಪಂಚವಟಿಯಲ್ಲಿ ಗುಡಿಗಳಿಗೇನು ಬರವೇ? ನಾಲ್ಕನೆಯ ಗುಡಿಯ ಸಾಲಿನಲ್ಲಿ ಕಾಕಾ ಕಣ್ಣು ಮುಚ್ಚಿ ನಿಂತಿದ್ದರು.

“ಫ್ಯೂಸ್ ಕೊಡ್ರಿ ಕಾಕಾ, ನಾ ಹೋಗಿ ಹಾಕ್ತೀನಿ.”

“ಹಂಗ ಕೊಡ್ಲಿಕ್ಕೆ ಬರಲ್ಲರಿ. ಕಿತ್ತಾಂವೇ ಹಾಕಬೇಕು, ಕಾಯ್ದೆ ಅದ. ನೀವೂ ನಿಂದರ್ರಿ, ದರ್ಶನ ಆಗ್ತದ.”

ನನ್ನ ಗಂಡ ಅರ್ಧ ಗಡ್ಡದಲ್ಲೇ ದೇವರ ಮುಂದೆ ನಿಂತು, ಪ್ರಸಾದ ತಗೊಂಡು, ಫೋರ್‌ಮನ್ ಸಮೇತ ಫ್ಯೂಸನ್ನು ಮನೆಗೆ ಕರೆತಂದರು.

ಮಧ್ಯಾಹ್ನದ ಹೊತ್ತಿಗೆ ಲಿನಕ್ಸ್ ಎದ್ದು ಕೂತಿತು. ಕಂಪ್ಯೂಟರು ಹೊಸ ಮದುಮಗನಂತೆ ಚುರುಕಾಗಿತ್ತು. ನಾನು ಖುಷಿಯಿಂದ ಪೆನ್‌ಡ್ರೈವ್ ಚುಚ್ಚಿದೆ. ನವಿಲುಗಳ ಹೆಸರುಗಳಿದ್ದವು, ನವಿಲುಗಳಿರಲಿಲ್ಲ. ನಾನು ಕಾಪಿ ಮಾಡಿಕೊಂಡದ್ದು ಪರದೆಯ ಮೇಲಿನ ಗುರುತುಗಳನ್ನು ಮಾತ್ರ; ಅವು ಚಿತ್ರ ಎಲ್ಲಿದೆ ಎಂದು ತೋರಿಸುವ ಚೀಟಿಗಳೇ ಹೊರತು ಚಿತ್ರಗಳಲ್ಲ. ಪೈಠಣದಲ್ಲಿ ನೇಕಾರರೊಬ್ಬರು ಮದುವೆಯ ಸೀರೆಗೆ ಮಗ್ಗ ಸಜ್ಜು ಮಾಡಿ, ನನ್ನ ಸೆರಗಿಗಾಗಿ ಕಾಯುತ್ತಿದ್ದರು. ಹನ್ನೊಂದು ವರ್ಷದ ದುಡಿಮೆ ನನ್ನ ಕೈಯಾರೆ ಹೋಯಿತೆಂದು ನಾನು ನಾಚಿಕೆ ಬಿಟ್ಟು ದೊಡ್ಡ ದನಿಯಲ್ಲಿ ಅತ್ತೆ.

ಕಾಕಾ ಮೊಟ್ಟಮೊದಲ ಬಾರಿಗೆ ಬಾಯಿಂದ ಸ್ಕ್ರೂ ತೆಗೆದರು. ಅದನ್ನು ಕಂಡು ನನ್ನ ಗಂಡ ಇನ್ನಷ್ಟು ಹೆದರಿದರಂತೆ. ಕಾಕಾ ತಮ್ಮ ಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ್ದ ಗಂಟೊಂದನ್ನು ತೆಗೆದು ನನ್ನ ಮುಂದಿಟ್ಟರು.

“ಅಳಬ್ಯಾಡವ್ವಾ. ನಿನ್ನ ನವಿಲೆಲ್ಲಾ ಇರೋ ಹಳೀ ಡಿಸ್ಕು ಇದು, ನಾ ಅಳಿಸೇ ಇಲ್ಲ. ಒಳಗ ಬ್ಯಾರೆ ಡಿಸ್ಕು ಹಾಕೀನಿ. ಹೊಸಾ ಪಾರ್ಟು ಎಂಟು ದಿನ ಓಡೋ ತನಾ ಹಳೀದು ಒಗೀಬಾರ್ದು.” ಆಮೇಲೆ ನಕ್ಕು, “ಮೂರನೇ ಸಲ ಕೇಳಿದಾಗ ಸಿಟ್ಟಿಗೆದ್ದಿ ನೋಡು, ಆವಾಗೇ ನನಗ ಡೌಟ್ ಬಂತು. ಖರೇ ಕೆಲಸ ಮಾಡಿದಾಕಿ ಸಿಟ್ಟಿಗೇಳಲ್ಲ” ಎಂದರು.

ಸಂಜೆಯೊಳಗೆ ನವಿಲುಗಳೆಲ್ಲ ವಾಪಸು ಬಂದವು. ಮದುವೆಯ ಸೆರಗೂ ಪೈಠಣಕ್ಕೆ ಹೋಯಿತು.

ಅಂದಿನಿಂದ ಕಾಕಾ ದಿನಾ ಬೆಳಿಗ್ಗೆ ಮೇಲೆ ಬರತೊಡಗಿದರು. “ಓಡ್ಲಿಕತ್ತದ ಏನವ್ವಾ?” ಎಂದು ನನ್ನ ಕುರ್ಚಿಯ ಹಿಂದೆ ನಿಲ್ಲುವರು. “ಆ ಮೂಲ್ಯಾಗ ಒತ್ತು ನೋಡೋಣು” ಎನ್ನುವರು. ಎಂಟು ದಿನವಲ್ಲ, ಎಂಟು ತಿಂಗಳಾದರೂ ಬಂದರು. ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದಾದರೆ “ಇನ್‌ಸ್ಪೆಕ್ಷನ್ ಬಂತು” ಎಂದು ಗಂಡನಿಗೆ ಕಣ್ಣು ಮಿಟುಕಿಸುತ್ತಿದ್ದೆ. ಕೆಲಸದ ಗಡಿಬಿಡಿಯಲ್ಲಿ ಒಂದೆರಡು ಸಲ ರೇಗಿದ್ದೂ ಉಂಟು. ಅವರು ಬೇಸರಿಸದೆ ಮರುದಿನ ಮತ್ತೆ ಬರುವರು.

ಆಮೇಲೆ ಅವರು ಛತ್ರಪತಿ ಸಂಭಾಜಿನಗರದ ಮಗಳ ಮನೆಗೆ ಹೋದರು. ಅಲ್ಲೇ ಹೋದ ವರ್ಷ ತೀರಿಕೊಂಡರು. ಸುದ್ದಿ ತಿಳಿದು ಮಾತಾಡಿಸಲು ಹೋದಾಗ ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು.

“ನಿನ್ನ ಕಂಪ್ಯೂಟರ್ ಅಂದ್ರ ಅವರಿಗಿ ಜೀವ ಇತ್ತವ್ವಾ. ನಮ್ಮದರ ಡಿಸ್ಕು ತಗದು ನಿನಗ ಹಾಕಿದ್ರಲ್ಲ, ಆಮ್ಯಾಲ ನಮ್ಮದು ಚಾಲೂನೇ ಆಗ್ಲಿಲ್ಲ. ಕಲ್ತದ್ದು ಮರೀತದಂತ ದಿನಾ ನಿನ್ನ ಕಡಿ ಬರ್ತಿದ್ರು.”

ಆ ಡಿಸ್ಕಿನ ಮೇಲೆಯೇ ನಾನು ಇವತ್ತಿಗೂ ನವಿಲು ಬರೆಯುತ್ತೇನೆ, ಅದರಿಂದಲೇ ಊಟ ಮಾಡುತ್ತೇನೆ. ಎಂಟು ತಿಂಗಳು ಆ ಹಿರಿಯ ಜೀವ ನನ್ನ ಬೆನ್ನ ಹಿಂದೆ ನಿಂತಿತ್ತು. ಒಂದು ದಿನವಾದರೂ ಎದ್ದು, “ನೀವು ಕೂತ್ಕೊಳ್ರಿ ಕಾಕಾ” ಅನ್ನಲಿಲ್ಲ ನಾನು.