ನೀರು ತಾಕದ ಹುರಿಹಿಟ್ಟು

ಮೊನ್ನೆ ಸೊಸೆ ಬಾಣಲೆಯಲ್ಲಿ ರಾಗಿ ಹುರಿಯುತ್ತಿದ್ದಳು. ಆ ಘಮ ನಡುಮನೆಗೆ ಬಂದದ್ದೇ ತಡ, ಬತ್ತಿ ಹೊಸೆಯುತ್ತಿದ್ದ ನನ್ನ ಕೈ ನಿಂತಿತು. ಕುರಿಗಾರರ ದೊಡ್ಡವ್ವ ನೆನಪಾದಳು...

ನಾನು ಚಿಕ್ಕವಳಿದ್ದಾಗ ಹಿರೇಗುಂಟನೂರಿಗೆ ಪ್ಲೇಗು ಬಂತು. ಇಲಿ ಸತ್ತು ಬೀಳತೊಡಗಿದ ಕೂಡಲೇ ಊರಿಗೆ ಊರೇ ಬಾಗಿಲು ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತು. ಅಲ್ಲಿಗೆ ಬಂದ ಮೇಲೂ ನಮ್ಮವ್ವ ಉಳಿಯಲಿಲ್ಲ. ಅಂದಿನಿಂದ ನಾನು ಮಾತೂ ಬಿಟ್ಟೆ, ಊಟವೂ ಬಿಟ್ಟೆ. ಅಳಲೂ ಇಲ್ಲ. ಅಜ್ಜಿ ಮುದ್ದೆ ಮುರಿದು ಬಾಯಿಗಿಟ್ಟರೆ ತುಟಿ ಬಿಗಿಯುತ್ತಿದ್ದೆ. ಅಪ್ಪ ತಾಯತ ಕಟ್ಟಿಸಿದ. ಮಗಳೂ ಕೈಬಿಟ್ಟು ಹೋಗುತ್ತಾಳೆಂದು ಅವನ ಜೀವದಲ್ಲಿ ಜೀವವಿರಲಿಲ್ಲ.

ಪಕ್ಕದ ಬೀಳಿನಲ್ಲಿ ಕುರಿಮಂದೆ ಬಿಟ್ಟುಕೊಂಡಿದ್ದವಳು ಈ ದೊಡ್ಡವ್ವ. ಹೆಗಲಿಗೆ ಕಂಬಳಿ, ಬಾಯಿ ತುಂಬ ಎಲೆಅಡಿಕೆ, ಆಚೆ ಹೊಲಕ್ಕೂ ಕೇಳುವ ಗಂಟಲು. ಅವಳ ಒಲೆಯಲ್ಲಿ ಬೆಂದದ್ದನ್ನು ನಮ್ಮ ಮನೆಯವರು ಮುಟ್ಟುವಂತಿರಲಿಲ್ಲ. ಮಡಿಯ ವಿಷಯದಲ್ಲಿ ನಮ್ಮಜ್ಜಿ ಯಾರಿಗೂ ಸೊಪ್ಪು ಹಾಕುವವಳಲ್ಲ. ಆದರೆ ಹುರಿದದ್ದಕ್ಕೂ ಹಾಲಿಗೂ ಮೈಲಿಗೆಯಿಲ್ಲ. ನೀರು ತಾಕಿದರೆ ಮಾತ್ರ ಮುಗಿಯಿತು. ದೊಡ್ಡವ್ವ ಆ ಸಂದಿಯಲ್ಲೇ ನುಸುಳಿದಳು.

ಒಂದು ಮಧ್ಯಾಹ್ನ ರಾಗಿ ಹುರಿಹಿಟ್ಟು, ಬೆಲ್ಲ, ಕುರಿಹಾಲು ಹಿಡಿದು ಬಂದು ನಮ್ಮ ಗುಡಿಸಲ ಮುಂದೆ ಕೂತಳು.

"ನೀರು ತಾಕಿಸಿಲ್ಲ ತಾನೆ?" ಅಜ್ಜಿ ಕೇಳಿದಳು.

"ಇಲ್ರವ್ವ. ಬರೀ ಹಾಲೈತೆ, ನೋಡ್ರಿ."

ನಮ್ಮವ್ವ ಬೆಲ್ಲವನ್ನು ಹಾಲಿನಲ್ಲಿ ಕರಗಿಸಿ, ಆಮೇಲೆ ಹಿಟ್ಟು ಉದುರಿಸಿ ಉಂಡೆ ಕಟ್ಟುತ್ತಿದ್ದಳು. ಈ ಮಹಾತಾಯಿ ಹಿಟ್ಟಿನ ಮೇಲೆ ಹಾಲು ಸುರಿದು, ಬೆಲ್ಲದ ಹೆಂಟೆಯನ್ನು ಹಾಗೇ ಒತ್ತಿ, ಗಂಟುಗಂಟಾಗಿ ಕಲಸತೊಡಗಿದಳು. ನೋಡಿ ನೋಡಿ ನನಗೆ ಮೈ ಉರಿಯಿತು.

"ಹಂಗಲ್ಲ! ಅವ್ವ ಬೆಲ್ಲ ಮೊದ್ಲು ಕರಗಿಸ್ತಿದ್ಲು!"

ಅವ್ವ ಹೋದ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು ಅದು. ಅಜ್ಜಿಯ ಕೈಯ ಮೊರ ಕೆಳಗೆ ಬಿತ್ತು.

"ನಂಗೇನು ಗೊತ್ತವ್ವಾ? ನೀನೇ ಕಲಸಿ ತೋರ್ಸು," ಎಂದು ದೊಡ್ಡವ್ವ ಬೋಗುಣಿಯನ್ನು ನನ್ನತ್ತ ತಳ್ಳಿದಳು.

ಬೇರೆ ಹಿಟ್ಟು ಹಾಕಿಸಿಕೊಂಡು ಕಲಸಿದೆ. ಉಂಡೆ ಕಟ್ಟಿ ಬಾಯಿಗಿಟ್ಟುಕೊಂಡೆ... ಅದೇ ರುಚಿ. ನುಂಗುವ ಮೊದಲೇ ಅಳು ಒತ್ತರಿಸಿ ಬಂತು. ದೊಡ್ಡವ್ವ ನನ್ನನ್ನು ಕಂಬಳಿಯೊಳಗೆ ಎಳೆದುಕೊಂಡಳು. "ಅಳು ಮಗ್ಳೇ, ಅಳು. ತಿಂತಾ ತಿಂತಾ ಅಳು." ಮಡಿಯ ಅಜ್ಜಿ ಏನನ್ನೋ ಹುಡುಕುವವಳ ಹಾಗೆ ಬೆನ್ನು ತಿರುಗಿಸಿ ನಿಂತಳು. ಆಮೇಲೆ ನಾನು ದಿನಾ ಉಂಡೆ, ದಿನಾ ಅತ್ತೆ, ಬದುಕಿಕೊಂಡೆ.

ಪ್ಲೇಗು ಇಳಿದ ಮೇಲೆ ನಾವು ಊರಿಗೆ ಮರಳಿದೆವು. ಅವಳು ಕುರಿ ಹೊಡೆದುಕೊಂಡು ಧರ್ಮಪುರದ ಕಡೆ ಹೋದಳು. ಮರುವರ್ಷ ಕುರಿಗಳ ಹಿಂದೆ ಅವಳ ಮಗ ಒಬ್ಬನೇ ಬಂದ. ಅದೇ ಬೇನೆ ಅವಳನ್ನೂ ಒಯ್ದಿತ್ತು.

"ನಿಮ್ಮವ್ವಂಗೆ ಹುರಿಹಿಟ್ಟು ಕಲಸಾಕೆ ನಾನೇ ಹೇಳ್ಕೊಟ್ಟಿದ್ದು," ಎಂದೆ ನಾನು, ಅಳುತ್ತಲೇ, ತುಸು ಜಂಬದಿಂದ.

ಅವನು ಕಣ್ಣೊರೆಸಿಕೊಂಡು ನಕ್ಕ. "ನಮ್ಮವ್ವಂಗಾ? ಅವಳು ಕಲಸಿದ್ರೆ ತಿನ್ನಾಕೆ ಹಟ್ಟಿಗೆ ಹಟ್ಟೀನೇ ಬಂದು ಕುಂತ್ಕತಿತ್ತು, ತಾಯಿ."

ಮೊನ್ನೆ ನನ್ನ ಕಣ್ಣಲ್ಲಿ ನೀರು ಕಂಡು ಸೊಸೆ, ಹೊಗೆ ತಾಗಿತೇನೋ ಎಂದು ಗಾಬರಿಯಾದಳು. ಇಲ್ಲ ಮಗಳೇ, ಎಂದೆ. ಆ ಪ್ಲೇಗಿನಲ್ಲಿ ಇಬ್ಬರು ತಾಯಂದಿರನ್ನು ಕಳೆದುಕೊಂಡವಳು ನಾನು.